ಕಿಣ್ವಕ್ಕೆ ತಡೆಯೊಡ್ಡಿದರೂ ಪೊರೆ ದಾಟುವ ಕೋಶ

ಪ್ರಶ್ನೆ: ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಮಗಳು, ಕ್ಯಾನ್ಸರ್ ಹರಡುವ ಬಗೆಯನ್ನು ತಿಳಿಯಲು ವಿಜ್ಞಾನಿಗಳು ಒಂದು ಹುಳುವನ್ನು ಅಭ್ಯಾಸ ಮಾಡುತ್ತಾರೆ, ಅದರ ಒಂದು ಕೋಶ ಪೊರೆಯನ್ನೇ ತೂರಿಕೊಂಡು ಹೋಗುತ್ತದೆ ಎನ್ನುತ್ತಾಳೆ. ನಮ್ಮ ತೋಟದಲ್ಲಿ ಕಾಳುಮೆಣಸಿನ ಬೇರು ಕೊರೆಯುವ ಜಂತುಹುಳುವೂ ಇದೇ ಜಾತಿಯದೇ? ಪೊರೆ ಕರಗಿಸುವ ಕಿಣ್ವವನ್ನು ಔಷಧಿಯಿಂದ ತಡೆದರೆ ಕೋಶ ನಿಂತಲ್ಲೇ ನಿಲ್ಲುವುದಿಲ್ಲವೇ?
— ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉತ್ತರ: ತೋಟದ ಹುಳುವಿನ ಮಾತನ್ನು ಮೊದಲು ಮುಗಿಸೋಣ. ಎರಡೂ ದುಂಡುಹುಳುಗಳೇ, ಆದರೆ ಜಾತಿ ಬೇರೆ. ಮೆಣಸಿನ ಬೇರಿಗೆ ಬೀಳುವ ಹುಳು ಬಾಯಿಯಲ್ಲಿರುವ ಸೂಜಿಯಂಥ ಅಂಗದಿಂದ ಚುಚ್ಚಿ, ಇಡೀ ದೇಹದೊಡನೆ ಬೇರಿನೊಳಗೆ ನುಗ್ಗುತ್ತದೆ. ನಿಮ್ಮ ಮಗಳು ಹೇಳಿದ ಸಿ. ಎಲೆಗನ್ಸ್ ಕೊಳೆತ ಹಣ್ಣುಗಳಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ, ಬೆಳೆಗೆ ಕೇಡು ಮಾಡದ, ಸುಮಾರು 1 ಮಿಲಿಮೀಟರ್ ಉದ್ದದ ಜೀವಿ. ಅದರ ಮೈ ಪಾರದರ್ಶಕವಾದ್ದರಿಂದ ಜೀವಂತ ಹುಳುವಿನ ಒಳಗೆ ನಡೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು.

ಈ ಹುಳುವಿನ ಮೂರನೆಯ ಲಾರ್ವಾ ಹಂತದಲ್ಲಿ ಗರ್ಭಕೋಶ ಒಂದೆಡೆ, ಮೊಟ್ಟೆ ಹೊರಬರಬೇಕಾದ ದ್ವಾರ ಇನ್ನೊಂದೆಡೆ ರೂಪುಗೊಳ್ಳುತ್ತಿರುತ್ತವೆ. ನಡುವೆ ಒಂದರ ಮೇಲೊಂದು ಕೂತ ಎರಡು ತಳಪೊರೆಗಳಿರುತ್ತವೆ. ಲ್ಯಾಮಿನಿನ್ ಮತ್ತು ನಾಲ್ಕನೆಯ ಬಗೆಯ ಕೊಲಾಜೆನ್ ಎಂಬ ಪ್ರೋಟೀನುಗಳ ಬಲೆಯಿಂದಾದ ಈ ಪೊರೆ, ಒಣಗಿದ ಅಡಿಕೆ ಹಾಳೆಯಂತೆ ತೆಳುವಾಗಿದ್ದೂ ಸುಲಭಕ್ಕೆ ಹರಿಯುವಂಥದಲ್ಲ. ಇದನ್ನು ಭೇದಿಸಿ ಎರಡೂ ಅಂಗಗಳನ್ನು ಬೆಸೆಯುವ ಹೊಣೆ ಲಂಗರು ಕೋಶವೆಂಬ ಒಂದೇ ಒಂದು ಕೋಶದ್ದು. ಯಾವ ಕೋಶ, ಯಾವ ಜಾಗ, ಯಾವ ಹೊತ್ತು ಎಂಬುದು ಪ್ರತಿ ಹುಳುವಿನಲ್ಲೂ ನಿಶ್ಚಿತ. ಮನುಷ್ಯರ ಕ್ಯಾನ್ಸರ್ ಗಡ್ಡೆಯಲ್ಲಿ ಯಾವ ಕೋಶ ಯಾವಾಗ ಇಂಥದೇ ಪೊರೆ ದಾಟಿ ಹೊರಡುತ್ತದೆಂದು ಕಾದು ಕೂರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು?

ಕೆಳಭಾಗದ ನರತಂತುವಿನಿಂದ ಬರುವ ನೆಟ್ರಿನ್ ಎಂಬ ಸಂಕೇತ ಕೋಶಕ್ಕೆ ದಿಕ್ಕು ತೋರಿಸುತ್ತದೆ. ಆಗ ಕೋಶದ ತಳದಲ್ಲಿ ಆ್ಯಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿಂದಾದ ಪುಟ್ಟ ಮೊನೆಗಳು ಎದ್ದು, ಪೊರೆಯನ್ನು ಒತ್ತಿ, ಅಡಗಿ, ಮತ್ತೆ ಪಕ್ಕದಲ್ಲೇ ಏಳುತ್ತಿರುತ್ತವೆ. ಇವುಗಳಿಗೆ ಇನ್ವಡೋಪೋಡಿಯಾ ಎಂದು ಹೆಸರು. ಹೆಚ್ಚಿನವು ಏನನ್ನೂ ಸಾಧಿಸದೆ ಮರೆಯಾಗುತ್ತವೆ. ಎಲ್ಲೋ ಒಂದು ಮೊನೆ ತೂತು ಕೊರೆದದ್ದೇ ತಡ, ನೆಟ್ರಿನ್ ಸಂಕೇತವನ್ನು ಹಿಡಿಯುವ ಕೋಶದ ಗ್ರಾಹಿಗಳೆಲ್ಲ ಆ ತೂತಿನ ಬಳಿ ಸೇರುತ್ತವೆ, ಹೊಸ ಮೊನೆಗಳು ಏಳುವುದು ನಿಲ್ಲುತ್ತದೆ, ಒಂದೇ ದಪ್ಪ ಚಾಚು ಒಳನುಗ್ಗಿ ತೂತನ್ನು ಅಗಲಿಸುತ್ತದೆ.

ಇನ್ನು ಔಷಧಿಯ ಪ್ರಶ್ನೆ. ನಿಮ್ಮ ತರ್ಕವನ್ನೇ ಹಿಡಿದು, ಪೊರೆ ಕತ್ತರಿಸುವ ಎಂಎಂಪಿ ಕಿಣ್ವಗಳನ್ನು ತಡೆಯುವ ಔಷಧಿಗಳನ್ನು 1990ರ ದಶಕದಲ್ಲಿ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಲಾಗಿತ್ತು. ನಿರೀಕ್ಷಿಸಿದ ಗುಣ ಕಾಣಲಿಲ್ಲ. ಅದಕ್ಕೆ ಹಲವು ಕಾರಣಗಳಿರಬಹುದು, ಆದರೆ ಒಂದನ್ನು ಈ ಹುಳು ಕಣ್ಣೆದುರಿಗೇ ತೋರಿಸಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಶೆರ್‌ವುಡ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ಐದು ಕಿಣ್ವಗಳ ಜೀನುಗಳನ್ನು ತೆಗೆದುಹಾಕಿದ ಹುಳುಗಳಲ್ಲೂ ಲಂಗರು ಕೋಶ ಪೊರೆಯನ್ನು ದಾಟಿತು. ತಡವಾಯಿತು, ಅಷ್ಟೆ. ಕರಗಿಸಲಾಗದ ಕೋಶ ಆ್ಯಕ್ಟಿನ್ನನ್ನು ಹೆಚ್ಚಾಗಿ ಕಟ್ಟಿ, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಮುಂಚೂಣಿಗೆ ತಂದುಕೊಂಡು, ಬರಿಯ ಬಲದಿಂದ ಪೊರೆಯನ್ನು ತಳ್ಳಿ ಹರಿಯಿತು. ಕಿಣ್ವದ ಜೊತೆಗೆ ಈ ಶಕ್ತಿಯ ಮೂಲಕ್ಕೂ ತಡೆ ಹಾಕಿದಾಗ ಮಾತ್ರ ಅದು ನಿಜಕ್ಕೂ ಕಂಗೆಟ್ಟಿತು.

ಮಗಳೊಡನೆ ಚರ್ಚಿಸಲು ಇನ್ನೊಂದು ವಿಷಯ. ಲಂಗರು ಕೋಶ ನುಗ್ಗಬೇಕಾದರೆ ವಿಭಜನೆಯನ್ನು ನಿಲ್ಲಿಸಿರಬೇಕು. ಅದನ್ನು ತಡೆಹಿಡಿದಿರುವ ಎನ್‌ಎಚ್‌ಆರ್-67 ಎಂಬ ಜೀನು ಕೆಟ್ಟರೆ ಕೋಶ ಎರಡಾಗಿ, ನಾಲ್ಕಾಗಿ ಒಡೆಯುತ್ತದೆಯೇ ಹೊರತು ಪೊರೆಯನ್ನು ದಾಟುವುದಿಲ್ಲ. ಕೃತಕವಾಗಿ ವಿಭಜನೆ ನಿಲ್ಲಿಸಿದರೆ ನುಗ್ಗುವ ಸಾಮರ್ಥ್ಯ ಮರಳುತ್ತದೆಂದು 2015ರಲ್ಲೇ ವರದಿಯಾಗಿದೆ. ಗಡ್ಡೆಯ ಕೋಶಗಳೆಲ್ಲವೂ ಹೀಗೆಯೇ ವರ್ತಿಸುತ್ತವೆಂದು ಹುಳುವನ್ನು ನೋಡಿ ಹೇಳಲಾಗದು. ಆದರೂ, ವೇಗವಾಗಿ ವಿಭಜಿಸುವ ಕೋಶಗಳನ್ನಷ್ಟೇ ಗುರಿಯಾಗಿಸುವ ಚಿಕಿತ್ಸೆಯಿಂದ, ವಿಭಜನೆ ನಿಲ್ಲಿಸಿ ಹೊರಟ ಕೋಶ ತಪ್ಪಿಸಿಕೊಳ್ಳಬಹುದೇ ಎಂದು ಕೇಳಲು ಇದರಿಂದ ಬಲವಾದ ಕಾರಣ ಸಿಕ್ಕಿದೆ.