ಎರೆ ನೆಲದಲ್ಲಿ ಮನೆ: ಯಾವ ಪೈಲ್ ಹಾಕಿಸಬೇಕು?

ಪ್ರಿಯ ಓದುಗರೇ,

ದಾವಣಗೆರೆ ಹೊರವಲಯದ ನಿಮ್ಮ ಎರೆ ಮಣ್ಣಿನ ಸೈಟಿನಲ್ಲಿ ಒಂದು ಮಹಡಿ ಮನೆ ಕಟ್ಟಬೇಕು. ಪಕ್ಕದ ಮನೆಯ ಗೋಡೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳಿದೆ. ಕಂಟ್ರಾಕ್ಟರ್ "ಪೈಲ್ ಹಾಕೋಣ" (ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಅಂತಾರೆ, ಮೇಸ್ತ್ರಿ "ಸುಮ್ನೆ ದುಡ್ಡು ದಂಡ, ಕಲ್ಲಿನ ಪಾಯ ಸಾಕು" ಅಂತಾರೆ. ಯಾರ ಮಾತು ಕೇಳಲಿ ಎಂದು ಬರೆದಿದ್ದೀರಿ.

ಬೇಸಿಗೆಯಲ್ಲಿ ನಿಮ್ಮ ಸೈಟನ್ನೇ ನೋಡಿ. ನೆಲ ಬಾಯಿ ಬಿಟ್ಟಿರುತ್ತದೆ, ಬಿರುಕಿನೊಳಗೆ ಕೈ ಹೋಗುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬುತ್ತದೆ. ಈ ಏರಿಳಿತ ಮೇಲಿನ ಸುಮಾರು 3.5 ಮೀಟರ್‌ನಲ್ಲೇ ಜಾಸ್ತಿ. ಎರೆಯಲ್ಲೇ ನಿಂತ ಪಾಯ ಅದರ ಜೊತೆ ಏರುತ್ತದೆ, ಇಳಿಯುತ್ತದೆ. ಗೋಡೆ ಸೀಳದೆ ಇನ್ನೇನಾಗುತ್ತೆ?

ಪೈಲ್‌ನಲ್ಲಿ ಬಗೆಗಳಿವೆ. ಬಂಡೆಯ ಮೇಲೆ ತಳ ಊರಿ ಭಾರ ಹೊರುವುದು ಒಂದು, ಸುತ್ತಲ ಮಣ್ಣಿನ ಹಿಡಿತದಲ್ಲೇ ನಿಲ್ಲುವುದು ಇನ್ನೊಂದು. ಎರಕ ಹೊಯ್ದ ಕಂಬವನ್ನು ಹೊಡೆದು ಇಳಿಸಬಹುದು, ಇಲ್ಲವೇ ಕುಳಿ ಕೊರೆದು ಅಲ್ಲೇ ಕಾಂಕ್ರೀಟ್ ತುಂಬಬಹುದು. ಹೊಡೆದರೆ ಅಕ್ಕಪಕ್ಕದ ಮನೆಗಳು ಅದುರುತ್ತವೆ, ಬಡಾವಣೆಗೆ ಅದು ಬೇಡ. ಸೇತುವೆಗೆ ಹಾಕುವಂಥ ಆಳದ ಪೈಲ್ ಕೂಡ ನಿಮ್ಮ ಮನೆಗೆ ಬೇಕಿಲ್ಲ.

ನಿಮಗೆ ಒಗ್ಗುವುದು ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಮಣ್ಣಿಗೆಂದು ಬೆಳೆಸಿದ ವಿಧಾನ ಇದು. ಪೈಲ್‌ಗಳ ಭಾರತೀಯ ಮಾನಕವಾದ ಐಎಸ್ 2911ರ 3ನೇ ಭಾಗ ಪೂರ್ತಿ ಇದರದ್ದೇ. ಆಗರ್ ಎಂಬ ತಿರುಪಿನಂಥ ಕೊರೆಯುವ ಉಪಕರಣದಿಂದ ಕುಳಿ ಕೊರೆದ ಮೇಲೆ ಬ್ಲೇಡುಗಳಿರುವ ಉಪಕರಣವನ್ನು ತಳಕ್ಕೆ ಇಳಿಸಿ ತಿರುಗಿಸುತ್ತಾರೆ. ಒತ್ತಿದಷ್ಟೂ ಬ್ಲೇಡು ಅಗಲಕ್ಕೆ ಬಿಚ್ಚಿಕೊಂಡು ಮಣ್ಣು ಕೆರೆಯುತ್ತದೆ, ಕೆರೆದದ್ದು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. 30 ಸೆಂ.ಮೀ. ವ್ಯಾಸದ ಕಂಬಕ್ಕೆ ತಳದಲ್ಲಿ 75 ಸೆಂ.ಮೀ. ವ್ಯಾಸದ ಗೆಡ್ಡೆಯಂಥ ಉಬ್ಬು ಬರುತ್ತದೆ. ಆ ಗೆಡ್ಡೆ ಆಳದ, ಕದಲದ ಮಣ್ಣಿನಲ್ಲಿ ಕಚ್ಚಿಕೊಂಡಿರುವುದರಿಂದ ಮೇಲಿನ ಎರೆ ಎಷ್ಟು ಉಬ್ಬಿದರೂ ಪೈಲ್ ಎದ್ದು ಬರುವುದಿಲ್ಲ.

ಇಷ್ಟೆಲ್ಲ ಮಾಡಿ ಕೊನೆಗೆ ಬೀಮಿನಲ್ಲಿ ಕೆಡಿಸುವವರಿದ್ದಾರೆ. ಪೈಲ್‌ಗಳ ಮೇಲೆ ಕೂರುವ ಬೀಮಿನ ತಳಕ್ಕೆ ಎರೆ ಮಣ್ಣು ತಾಗಲೇಬಾರದು. ಕನಿಷ್ಠ 8 ಸೆಂ.ಮೀ. ಸಂದು ಬಿಡಿಸಿ. ಶಟರಿಂಗ್ ಖರ್ಚು ಉಳಿಸಲು ಮಣ್ಣಿನ ಮೇಲೇ ಬೀಮ್ ಹೊಯ್ಯುತ್ತೇವೆ ಅಂದರೆ ದಯವಿಟ್ಟು ಒಪ್ಪಬೇಡಿ. ಉಬ್ಬಿದ ಮಣ್ಣು ಬೀಮನ್ನೇ ಎತ್ತಿಬಿಡುತ್ತದೆ.

ಇನ್ನು ಮೇಸ್ತ್ರಿ ಮಾತು. ಎರೆ ಪದರ ತೆಳ್ಳಗಿದ್ದು, ಒಂದೂವರೆ ಮೀಟರ್‌ಗೇ ಗಟ್ಟಿ ಗರಸು ಸಿಕ್ಕರೆ ಅವರು ಹೇಳಿದ್ದೂ ಸರಿಯಾದೀತು. ಆಗ ಪಾಯವನ್ನು ಗರಸಿನ ಮೇಲೇ ಕೂರಿಸಬಹುದು. ಅದು ಗೊತ್ತಾಗುವುದು ಮಣ್ಣು ಪರೀಕ್ಷೆಯಿಂದ ಮಾತ್ರ. ಮೊದಲು ಅದನ್ನು ಮಾಡಿಸಿ, ವರದಿಯನ್ನು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ. ಕಂಟ್ರಾಕ್ಟರ್ ಹತ್ತಿರ ರೇಟಿನ ಮಾತು ಆಮೇಲೆ.

– ಸಂಪಾದಕ