ಕಾಡು-ಬೆಟ್ಟದ ಚಾರಣಕ್ಕೆ ಎಂಥ ದಿಕ್ಸೂಚಿ ಕೊಳ್ಳಬೇಕು?

ನಕ್ಷೆ ಜೊತೆ ಬಳಸೋದಾದರೆ ಪಾರದರ್ಶಕ ತಳದ, ಒಳಗೆ ದ್ರವ ತುಂಬಿದ ದಿಕ್ಸೂಚಿಯನ್ನೇ ಕೊಳ್ಳಿ. ದ್ರವದಿಂದ ಮುಳ್ಳು ಬೇಗ ನಿಲ್ಲುತ್ತದೆ. ಕೀಚೈನಿನ ಪುಟ್ಟವು ಸುಮ್ನೆ ಅಲಂಕಾರಕ್ಕೆ.

ನಾನು ಮೊದಲು ನೋಡೋದು ದಿಕ್ಪಾತ ಸರಿಹೊಂದಿಸುವ ಸೌಲಭ್ಯ ಇದೆಯೇ ಅಂತ. ಮುಳ್ಳು ತೋರಿಸುವುದು ಕಾಂತೀಯ ಉತ್ತರವನ್ನು, ನಕ್ಷೆಯ ಉತ್ತರ ಬೇರೆ. ಈ ವ್ಯತ್ಯಾಸವೇ ದಿಕ್ಪಾತ, ಕೆಲವು ಪ್ರದೇಶಗಳಲ್ಲಿ ಅದು 10 ಡಿಗ್ರಿಗಿಂತ ಜಾಸ್ತಿ. ಅಷ್ಟು ತಪ್ಪಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಸುಮಾರು 175 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಮಂಜಿನಲ್ಲಿ ಅದು ಕಡಿಮೆಯೇನಲ್ಲ, ಅಲ್ವಾ?

ಉತ್ತರ ಗೋಳಾರ್ಧಕ್ಕೆಂದು ಮಾಡಿದ ಮುಳ್ಳು ದಕ್ಷಿಣದಲ್ಲಿ ವಾಲಿ ತಳಕ್ಕೆ ತಾಗಬಹುದು. ಎರಡೂ ಕಡೆ ಓಡಾಡುವವರು ಗ್ಲೋಬಲ್ ಮುಳ್ಳಿನದು ತೆಗೆದುಕೊಳ್ಳಲಿ.

ಮೊಬೈಲಿನ ಪಕ್ಕ ಇಡಬೇಡಿ, ಮುಳ್ಳಿನ ಧ್ರುವವೇ ತಿರುಗುಮುರುಗಾಗಬಹುದು. ಅಂಗಡಿಯಲ್ಲಿ ಹೋಲಿಸುವಾಗಲೂ ದಿಕ್ಸೂಚಿಗಳನ್ನು ದೂರ ದೂರ ಇಡಿ. ಹತ್ತಿರವಿದ್ದರೆ ಒಂದರ ಮುಳ್ಳು ಇನ್ನೊಂದನ್ನು ಎಳೆಯುತ್ತದೆ.