ಟಿಂಬಕ್ಟುವಿನ ಬಾಗಿಲು, ಸುರ್ಲಾದ ನಂದಿ

ಝುವಾರಿನಗರದಿಂದ ಪತ್ರ ಬರೆದಿರೋ ಅಕ್ಕಾವ್ರಿಗೆ ನಮಸ್ಕಾರ.

ರಜೆಗೆ ಗದಗಿನಿಂದ ಬಂದ ತಮ್ಮನ ಮಕ್ಕಳನ್ನ ಗೋವಾದ ತಾಂಬ್ಡಿ ಸುರ್ಲಾ ಗುಡಿಗೆ ಕರ್ಕೊಂಡು ಹೋಗಿದ್ರಿ, ಮಂಟಪದಲ್ಲಿರೋ ತಲೆಯಿಲ್ಲದ ನಂದಿ ನೋಡಿ ಸಣ್ಣವನು "ಇದನ್ನ ಮುರಿದೋರಿಗೆ ಪೊಲೀಸ್ರು ಏನ್ ಮಾಡಿದ್ರು ಅತ್ತಿ" ಅಂತ ಕೇಳ್ದ, ಅದೇ ರಾತ್ರಿ ಟೀವೀಲಿ ಉಕ್ರೇನಿನ ಒಡೆದ ಚರ್ಚ್ ತೋರಿಸಿದ್ರು ಅಂತ ಬರ್ದಿದೀರಿ. ಯುದ್ಧದಲ್ಲಿ ಗುಡಿ, ಚರ್ಚು, ಲೈಬ್ರರಿ ಹಾಳು ಮಾಡಿದೋರಿಗೆ ಯಾವತ್ತಾದ್ರೂ ಶಿಕ್ಷೆ ಆಗಿದ್ಯಾ, ಜನಾನೇ ಸಾಯ್ತಿರೋವಾಗ ಕಲ್ಲಿಗೆ ಅಳೋದು ಸರೀನಾ, ಇವೆರಡು ನಿಮ್ಮ ಪ್ರಶ್ನೆ.

ಶಿಕ್ಷೆ ಆಗಿದೆ ಅಕ್ಕಾ. ಕಮ್ಮಿ, ಆದ್ರೆ ಆಗಿದೆ.

2012ರಲ್ಲಿ ಮಾಲಿ ದೇಶದ ಟಿಂಬಕ್ಟು ಊರನ್ನ ಹಿಡಿದ ಉಗ್ರರು ಅಲ್ಲಿನ ಸೂಫಿ ಸಂತರ ಒಂಬತ್ತು ಗೋರಿಗಳನ್ನ ಗುದ್ದಲಿ, ಹಾರೆ ಹಿಡಿದು ಕೆಡವಿದ್ರು, ಸಿದಿ ಯಾಹ್ಯಾ ಮಸೀದಿಯ ಒಂದು ಬಾಗಿಲನ್ನೂ ಒಡೆದ್ರು. ಲೋಕ ಮುಗಿಯೋವರೆಗೂ ಆ ಬಾಗಿಲು ತೆಗೀಬಾರ್ದು ಅಂತ ಊರಿನೋರು ನಂಬಿಕೊಂಡು ಬಂದಿದ್ರು. ಈ ಕೆಲಸದ ಉಸ್ತುವಾರಿ ನೋಡ್ಕೊಂಡ ಅಹ್ಮದ್ ಅಲ್ ಮಹ್ದಿ ಅನ್ನೋನನ್ನ ಹೇಗ್‌ನ ಇಂಟರ್‌ನ್ಯಾಷನಲ್ ಕ್ರಿಮಿನಲ್ ಕೋರ್ಟಿಗೆ ತಂದ್ರು. ತಪ್ಪು ಒಪ್ಕೊಂಡ, 2016ರಲ್ಲಿ ಒಂಬತ್ತು ವರ್ಷ ಜೈಲಾಯ್ತು. ಆ ಕೇಸಲ್ಲಿ ಕೊಲೆ ಆರೋಪ ಇರ್ಲಿಲ್ಲ, ಕಟ್ಟಡ ಕೆಡವಿದ್ದೇ ಅಪರಾಧ. ಮುಂದಿನ ವರ್ಷ ಕೋರ್ಟು 27 ಲಕ್ಷ ಯೂರೋ ಪರಿಹಾರಾನೂ ಹೇಳ್ತು, ಅದರಲ್ಲಿ ಒಂದು ಪಾಲು ಆ ಸಂತರ ವಂಶದೋರಿಗೆ, ಯಾಕಂದ್ರೆ ಅದು ಅವರ ಅಜ್ಜ ಮುತ್ತಜ್ಜಂದಿರ ಗೋರಿ. ನಿಮ್ಮ ಎರಡನೇ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಲ್ಲೇ ಇದೆ. ಪೆಟ್ಟು ಬಿದ್ದಿದ್ದು ಜನಕ್ಕೇ ಅಂತ ಕೋರ್ಟೇ ಒಪ್ಕೊಂಡಿದೆ.

ಅದಕ್ಕೂ ಮುಂಚೆ ಕ್ರೊಯೇಷಿಯಾದ ಡುಬ್ರೊವ್ನಿಕ್ ಹಳೇ ಪಟ್ಟಣದ ಮೇಲೆ 1991ರ ಡಿಸೆಂಬರ್ 6ರಂದು ಶೆಲ್ ಹಾಕಿದ್ದಕ್ಕೆ ಯುಗೊಸ್ಲಾವ್ ನೌಕಾಪಡೆ ಅಧಿಕಾರಿ ಮಿಯೊದ್ರಾಗ್ ಯೋಕಿಚ್‌ಗೆ ಏಳು ವರ್ಷ ಜೈಲಾಗಿತ್ತು, ಅದು ಯುಗೊಸ್ಲಾವಿಯಾ ಯುದ್ಧಗಳಿಗೆ ಅಂತಾನೇ ವಿಶ್ವಸಂಸ್ಥೆ ಕೂರಿಸಿದ್ದ ಬೇರೆ ಕೋರ್ಟಲ್ಲಿ.

ಆದ್ರೆ ತೂತೂ ಇದೆ, ಮುಚ್ಚಿಡಲ್ಲ. ಯುದ್ಧದಲ್ಲಿ ಸ್ಮಾರಕ, ಕಲೆ ಕಾಪಾಡೋಕೆ ದೇಶಗಳು ಮಾಡ್ಕೊಂಡ 1954ರ ಹೇಗ್ ಒಪ್ಪಂದದಲ್ಲೇ "ಸೈನಿಕ ಅಗತ್ಯ" ಅಂತ ಒಂದು ವಿನಾಯ್ತಿ ಇಟ್ಟಿದಾರೆ. ಅಂದ್ರೆ ಸ್ಮಾರಕ ಆದ್ರೂ ಯುದ್ಧಕ್ಕೆ ಅನಿವಾರ್ಯ ಆದ್ರೆ ಹೊಡೀಬಹುದು. ಬೋಸ್ನಿಯಾದ ಮೊಸ್ತಾರ್‌ನಲ್ಲಿ 1566ರಲ್ಲಿ ಕಟ್ಟಿದ ಕಲ್ಲಿನ ಸೇತುವೆ 1993ರ ನವೆಂಬರ್ 9ಕ್ಕೆ ಶೆಲ್ ಏಟಿಗೆ ನದಿಗೆ ಬಿತ್ತು. ಅದೇ ಯುಗೊಸ್ಲಾವಿಯಾ ಕೋರ್ಟಿನ ಕೆಳಗಿನ ಪೀಠ ಅದನ್ನ ಅಪರಾಧ ಅಂದ್ರೂ 2017ರಲ್ಲಿ ಮೇಲ್ಮನವಿ ಪೀಠ ಬಹುಮತದಿಂದ, ಸೇತುವೆ ಸೈನಿಕ ಗುರಿ ಆಗಿತ್ತು ಅಂತ ಆ ಭಾಗವನ್ನ ಹೊಡೆದುಹಾಕ್ತು. ಈ ತೀರ್ಪು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಅಫ್ಘಾನಿಸ್ತಾನದ ಬಾಮಿಯಾನ್ ಬುದ್ಧರನ್ನ ಉಡಾಯಿಸಿದ್ದು 2001ರ ಮಾರ್ಚ್, ಅಲ್ ಮಹ್ದಿಗೆ ಶಿಕ್ಷೆ ಕೊಟ್ಟ ಹೇಗ್ ಕೋರ್ಟಿನ ಅಧಿಕಾರ ಶುರುವಾಗಿದ್ದೇ 2002ರ ಜುಲೈ 1ಕ್ಕೆ, ಹಾಗಾಗಿ ಆ ಕೇಸು ಅಲ್ಲಿಗೆ ಹೋಗೋಹಾಗೇ ಇಲ್ಲ.

ಇನ್ನು ನಮ್ಮ ಹುಡುಗನ ಪ್ರಶ್ನೆ. ಈ ಕಾನೂನು ಹಿಂದಕ್ಕೆ ಹೋಗಲ್ಲ. ಗೋವಾ ಕದಂಬರ ಕುಲದೇವರು ಸಪ್ತಕೋಟೇಶ್ವರನ ಗುಡಿ ದಿವಾಡಿ ದ್ವೀಪದಲ್ಲಿತ್ತು, ಪೋರ್ಚುಗೀಸರು 16ನೇ ಶತಮಾನದಲ್ಲಿ ಕೆಡವಿದ್ರು, ಲಿಂಗವನ್ನ ಹೊಳೆ ದಾಟಿಸಿ ಗೋವಾದಲ್ಲೇ ಇರೋ ನಾರ್ವೆ ಅನ್ನೋ ಹಳ್ಳಿಗೆ ತಂದ್ರು, 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ್ರು. ಅದಕ್ಕೆ ಇವತ್ತು ಯಾರನ್ನೂ ಕಟಕಟೆಗೆ ತರೋಕಾಗಲ್ಲ, ಆಗ ನಡೆದಿದ್ದಕ್ಕೆ ಈಗಿನ ನಮ್ಮ ಪಕ್ಕದ ಮನೆ ಕ್ರಿಶ್ಚಿಯನ್ನರು ಜವಾಬ್ದಾರರೂ ಅಲ್ಲ, ಇದನ್ನ ಮಕ್ಕಳಿಗೆ ಬಿಡಿಸಿ ಹೇಳಿ. ಹಳೇ ಗೋವಾದ ಚರ್ಚುಗಳಿಗೂ ಸುರ್ಲಾದ ಗುಡಿಗೂ ಈ ಕಾನೂನಿನ ರಕ್ಷಣೆ ಒಂದೇ. ಭಾರತ 1954ರ ಒಪ್ಪಂದಕ್ಕೆ 1958ರಲ್ಲೇ ಸೇರಿದೆ, ಆದ್ರೆ ತಪ್ಪು ಮಾಡಿದ ವ್ಯಕ್ತಿಗೇ ಶಿಕ್ಷೆ ಅನ್ನೋದನ್ನ ಗಟ್ಟಿ ಮಾಡಿದ 1999ರ ಎರಡನೇ ಪ್ರೋಟೋಕಾಲ್‌ಗೆ, ಅಂದ್ರೆ ಅದರ ಪೂರಕ ಒಪ್ಪಂದಕ್ಕೆ, ಸೇರಿಲ್ಲ. ಸೇರ್ಬೇಕು.

ಟಿಂಬಕ್ಟುವಿನ ಗೋರಿಗಳನ್ನ 2015ರ ಹೊತ್ತಿಗೆ ಅಲ್ಲಿನ ಗಾರೆಯೋರೇ ಮತ್ತೆ ಎಬ್ಬಿಸಿದ್ರು, ಉಳಿದ ಗೋಡೆ ತಳ, ಹಳೇ ಫೋಟೋ, ಮುದುಕರ ನೆನಪು ಇಟ್ಕೊಂಡು. ಕೋರ್ಟಲ್ಲೂ ನಿಂತಿದ್ದು ವಿಡಿಯೋ, ಸ್ಯಾಟಲೈಟ್ ಚಿತ್ರಗಳೇ. ಮುಂಚೆ ಏನಿತ್ತು ಅಂತ ತೋರ್ಸೋಕೆ ಆಗ್ದೆ ಇದ್ರೆ ಏನು ಹೋಯ್ತು ಅಂತ ಯಾರಿಗೆ ಹೇಳೋಣ?

ಅದಕ್ಕೇ ಒಂದು ಕೆಲಸ ಹೇಳ್ತೀನಿ ಅಕ್ಕಾ. ನೀವು ಕಳಿಸಿದ ಫೋಟೋದಲ್ಲಿ ಮಕ್ಕಳ ಮುಖಾನೇ ಜಾಸ್ತಿ ಇದೆ, ನಂದಿ ಅರ್ಧ ಮರೆ. ಇನ್ನೊಂದ್ಸಲ ಹೋದಾಗ ಆ ಹುಡುಗನ ಕೈಗೇ ಮೊಬೈಲ್ ಕೊಡಿ, ನಂದಿಯನ್ನ ನಾಲ್ಕೂ ಕಡೆಯಿಂದ ತೆಗೀಲಿ, ಕಂಬದ ಬುಡದಲ್ಲಿ ಕುದುರೆಯನ್ನ ತುಳೀತಿರೋ ಆನೆ ಇದೆ, ಅದನ್ನೂ ಬಿಡೋದು ಬೇಡ. ತಾರೀಕು ಹಾಕಿ ಕಳಿಸಿದ್ರೆ ನಮ್ಮ ಪತ್ರಿಕೇಲಿ ಅವನ ಹೆಸರಲ್ಲೇ ಹಾಕ್ತೀವಿ. ಊರಿಗೆ ವಾಪಸ್ ಹೋದ್ಮೇಲೆ ಲಕ್ಕುಂಡಿಗೂ ಹೋಗ್ಲಿ, ಅವನಿಗೆ ಹತ್ರಾನೇ.